ಹಳೆಯ ಡೆಸ್ಕ್‌ಟಾಪ್‌ಗೆ ಹೊಸ ವೇಗ: ಎಸ್‌ಎಸ್‌ಡಿ, ರ‍್ಯಾಮ್, ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ – ಮೊದಲು ಯಾವುದು?

ಹಳೆಯ ಡೆಸ್ಕ್‌ಟಾಪ್ ನಿಧಾನವಾದಾಗ ಹೆಚ್ಚಿನವರು ಮೊದಲು ಕೇಳುವುದು "ರ‍್ಯಾಮ್ ಜಾಸ್ತಿ ಹಾಕಿಸಿದರೆ ಸರಿಹೋಗುತ್ತದೆಯೇ?" ಎಂದು. ಕೆಲವೊಮ್ಮೆ ಸರಿಹೋಗುತ್ತದೆ. ಎಷ್ಟೋ ಸಲ ಮಾತ್ರ ದುಡ್ಡು ಖರ್ಚಾದರೂ ಯಂತ್ರ ಮೊದಲಿನಂತೆಯೇ ತೆವಳುತ್ತದೆ. ಅದು ಕಾಯುತ್ತಿದ್ದುದು ರ‍್ಯಾಮ್‌ಗಾಗಿ ಅಲ್ಲ, ಹಾರ್ಡ್ ಡಿಸ್ಕ್‌ಗಾಗಿ ಆಗಿರುತ್ತದೆ. ಫೈಲ್‌ಗಳನ್ನು ಕಾಯಂ ಆಗಿ ಇಡುವುದು ಡಿಸ್ಕ್, ನಡೆಯುತ್ತಿರುವ ಕೆಲಸವನ್ನು ಆ ಹೊತ್ತಿಗೆ ಹಿಡಿದಿಡುವುದು ರ‍್ಯಾಮ್, ಲೆಕ್ಕ ಮಾಡುವುದು ಪ್ರೊಸೆಸರ್. ಕಂಪ್ಯೂಟರಿನಲ್ಲಿ ಒಂದು ಕೆಲಸ ಡಿಸ್ಕ್‌ನಿಂದ ರ‍್ಯಾಮ್‌ಗೆ, ರ‍್ಯಾಮ್‌ನಿಂದ ಪ್ರೊಸೆಸರಿಗೆ ದಾಟಿ ಹೋಗುತ್ತದೆ. ಆ ಸಾಲಿನಲ್ಲಿ ಎಲ್ಲರನ್ನೂ ಕಾಯಿಸುತ್ತಿರುವ ಭಾಗ ಯಾವುದೋ ಅದನ್ನು ಬದಲಿಸಿದರೆ ಮಾತ್ರ ವೇಗ ಬರುತ್ತದೆ. ಉಳಿದ ಯಾವುದನ್ನು ಬದಲಿಸಿದರೂ ವ್ಯತ್ಯಾಸ ಕಾಣುವುದಿಲ್ಲ.

ಇಲ್ಲಿ ಹೇಳಿರುವುದು ಮುಖ್ಯವಾಗಿ 2011ರಿಂದ 2019ರ ನಡುವಿನ ಯಂತ್ರಗಳಿಗೆ ಅನ್ವಯಿಸುತ್ತದೆ. ಡಿಡಿಆರ್2 ರ‍್ಯಾಮ್ ಇರುವ, ಅದಕ್ಕೂ ಹಿಂದಿನ ಕೋರ್ 2 ಡ್ಯುಯೊ ಪ್ರೊಸೆಸರ್ ಕಾಲದ ಯಂತ್ರವಾದರೆ ಅದಕ್ಕೆ ದುಡ್ಡು ಹಾಕುವ ಮಾತೇ ಬೇಡ.

ಮೊದಲು ಅಳೆಯಿರಿ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಪುಟವನ್ನು ತೆರೆದಿಟ್ಟು, ದಿನವೂ ಮಾಡುವ ಕೆಲಸವನ್ನೇ ಒಂದು 15 ನಿಮಿಷ ಮಾಡಿ: ಅಷ್ಟೇ ಟ್ಯಾಬ್‌ಗಳು, ಅದೇ ಸಾಫ್ಟ್‌ವೇರ್, ಅದೇ ಆಟ. ಯಂತ್ರ ಎಲ್ಲಿ ತಡವರಿಸುತ್ತದೋ ಆ ಕ್ಷಣದ ಅಂಕಿಗಳನ್ನು ನೋಡಿ.

ಡಿಸ್ಕ್ 100 ಪ್ರತಿಶತ ಎಂದು ತೋರಿಸುತ್ತಿದ್ದು, ಸಾಗುತ್ತಿರುವ ಮಾಹಿತಿ ಮಾತ್ರ ಸೆಕೆಂಡಿಗೆ 1–2 ಎಂಬಿ ಇದ್ದರೆ ತೊಂದರೆ ಇರುವುದು ಹಾರ್ಡ್ ಡಿಸ್ಕ್‌ನಲ್ಲಿ. ಮೆಮೊರಿ 85–90 ಪ್ರತಿಶತ ದಾಟಿದ್ದು, ಕೆಳಗೆ ಕಮಿಟೆಡ್ ಎಂಬ ಸಂಖ್ಯೆ ನಿಮ್ಮ ರ‍್ಯಾಮ್‌ನ ಗಾತ್ರವನ್ನೇ ಮೀರಿದ್ದರೆ ರ‍್ಯಾಮ್ ಸಾಲುತ್ತಿಲ್ಲ. ಎರಡೂ ಒಟ್ಟಿಗೆ ಕಂಡರೆ ಎಚ್ಚರದಿಂದ ಓದಬೇಕು. ರ‍್ಯಾಮ್ ತುಂಬಿದಾಗ ವಿಂಡೋಸ್ ಹೆಚ್ಚಾದದ್ದನ್ನು ಡಿಸ್ಕ್‌ನ ಪೇಜ್ ಫೈಲ್‌ಗೆ ತಳ್ಳುತ್ತದೆ. ಆಗ ತಪ್ಪು ರ‍್ಯಾಮ್‌ನದ್ದಾದರೂ 100 ಪ್ರತಿಶತ ತೋರಿಸುವುದು ಡಿಸ್ಕ್.

ಪ್ರೊಸೆಸರಿನ ಲೆಕ್ಕದಲ್ಲಿ ಒಂದು ಮೋಸವಿದೆ. ಕೋರ್ ಎಂದರೆ ಪ್ರೊಸೆಸರಿನೊಳಗೆ ಬಿಡಿಯಾಗಿ ದುಡಿಯಬಲ್ಲ ಒಂದು ಘಟಕ. ನಾಲ್ಕು ಕೋರ್‌ಗಳ ಪ್ರೊಸೆಸರಿನಲ್ಲಿ ಒಂದೇ ಕೋರ್ ಪೂರ್ತಿ ದುಡಿಯುತ್ತಿದ್ದರೆ ಒಟ್ಟು ಬಳಕೆ 25 ಪ್ರತಿಶತ ಎಂದಷ್ಟೇ ಕಾಣುತ್ತದೆ, ನೋಡಿದವರು ಪ್ರೊಸೆಸರ್ ಆರಾಮಾಗಿದೆ ಎಂದುಕೊಳ್ಳುತ್ತಾರೆ. ಗ್ರಾಫ್ ಮೇಲೆ ಬಲ ಕ್ಲಿಕ್ ಮಾಡಿ ಲಾಜಿಕಲ್ ಪ್ರೊಸೆಸರ್ಸ್ ಆರಿಸಿದರೆ ಪ್ರತಿ ಕೋರ್ ಬೇರೆಬೇರೆಯಾಗಿ ಕಾಣುತ್ತದೆ.

ಅಲ್ಲೇ ಪ್ರೊಸೆಸರಿನ ವೇಗವನ್ನೂ ಗಮನಿಸಿ. ಕೆಲಸ ಜೋರಾಗಿ ನಡೆಯುತ್ತಿರುವಾಗಲೇ 3.4 ಗಿಗಾಹರ್ಟ್ಸ್ ಇರಬೇಕಾದದ್ದು 1.5ಕ್ಕೆ ಇಳಿಯುತ್ತಿದ್ದರೆ ಅದು ಬಿಸಿಯ ಕಾಟ. ಎಚ್‌ಡಬ್ಲ್ಯುಇನ್‌ಫೋದಂಥ ಉಚಿತ ಸಾಫ್ಟ್‌ವೇರಿನಲ್ಲಿ ಉಷ್ಣತೆ ನೋಡಿ. 95–100 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋದರೆ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಕೂಲರ್‌ನ ರೆಕ್ಕೆಗಳ ನಡುವೆ ಕಂಬಳಿಯಂತೆ ಕೂತ ಧೂಳು ತೆಗೆದು, ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದರೆ ಬೇರೇನೂ ಕೊಳ್ಳದೆ ಕಳೆದುಹೋದ ವೇಗ ಮರಳುತ್ತದೆ. ಯಾವ ಭಾಗವನ್ನೂ ಕೊಳ್ಳುವ ಮೊದಲು ಈ ಕೆಲಸ ಮುಗಿಸಿ.

ಹಾರ್ಡ್ ಡಿಸ್ಕ್‌ನ ಆರೋಗ್ಯವನ್ನೂ ನೋಡಬೇಕು. ಕ್ರಿಸ್ಟಲ್‌ಡಿಸ್ಕ್‌ಇನ್‌ಫೋ ಎಂಬ ಉಚಿತ ಸಾಫ್ಟ್‌ವೇರ್ ತೆರೆದರೆ ಬರುವ ಪಟ್ಟಿಯಲ್ಲಿ 05 ಮತ್ತು ಸಿ5 ಎಂಬ ಎರಡು ಸಾಲುಗಳಿವೆ. ಮೊದಲನೆಯದು ಕೆಟ್ಟುಹೋಗಿ ಬದಲಿ ಜಾಗಕ್ಕೆ ಸರಿಸಿದ ಸೆಕ್ಟರ್‌ಗಳ ಲೆಕ್ಕ, ಎರಡನೆಯದು ಓದಲಾಗದೆ ಕಾದಿರುವ ಸೆಕ್ಟರ್‌ಗಳ ಲೆಕ್ಕ. ಸಿ5 ಸೊನ್ನೆಗಿಂತ ಹೆಚ್ಚಿದ್ದರೆ ಬೇರೆಲ್ಲ ಬದಿಗಿಟ್ಟು ಮೊದಲು ಫೈಲ್‌ಗಳ ಪ್ರತಿ ತೆಗೆದುಕೊಳ್ಳಿ.

ಎಸ್‌ಎಸ್‌ಡಿ: ಹತ್ತರಲ್ಲಿ ಎಂಟು ಯಂತ್ರಗಳಿಗೆ ಇದೇ ಉತ್ತರ ಎನ್ನಬಹುದು

ವಿಂಡೋಸ್ ಇನ್ನೂ ತಿರುಗುವ ಹಾರ್ಡ್ ಡಿಸ್ಕ್‌ನಲ್ಲೇ ಇದ್ದರೆ ಉಳಿದ ಹೋಲಿಕೆಗೆಲ್ಲ ಅರ್ಥವಿಲ್ಲ, ಮೊದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿ ಹಾಕಿ. ಕಾರಣ ಸರಳ ಗಣಿತ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್‌ಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4.2 ಮಿಲಿಸೆಕೆಂಡ್. ತಲೆ ಸರಿದು ಅಲ್ಲಿಗೆ ಬರಲು ಇನ್ನೊಂದು 8–9. ಹೀಗೆ ಚದುರಿದ ಒಂದೊಂದು ತುಣುಕಿಗೂ ಸುಮಾರು 13 ಮಿಲಿಸೆಕೆಂಡ್ ಹಿಡಿದರೆ ಒಂದು ಸೆಕೆಂಡಿನಲ್ಲಿ 75–80 ತುಣುಕು ಓದಬಹುದು, ಅಷ್ಟೇ. ವಿಂಡೋಸ್ ಏಳುವಾಗ ಬೇಕಾಗುವುದು ಇಂಥ ಸಾವಿರಾರು ಚಿಕ್ಕ ತುಣುಕುಗಳು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಒಂದು ತುಣುಕಿಗೆ ಸುಮಾರು 0.1 ಮಿಲಿಸೆಕೆಂಡ್ ಸಾಕು. ನೂರು ಪಟ್ಟು ಅಂತರ ಅಂದರೆ ಇದು.

ಆಯ್ಕೆ ಮಾಡಬೇಕಾದ್ದು ಸಾಟಾ ಎಸ್‌ಎಸ್‌ಡಿಯೋ ಎನ್‌ವಿಎಂಇಯೋ ಎಂದು. ಸಾಟಾ ಎಂದರೆ ಹಾರ್ಡ್ ಡಿಸ್ಕ್‌ಗಳೂ ಬಳಸುವ ಹಳೆಯ ಜೋಡಣೆ, ಎನ್‌ವಿಎಂಇ ಎಂದರೆ ಗ್ರಾಫಿಕ್ಸ್ ಕಾರ್ಡ್ ಬಳಸುವ ಪಿಸಿಐಇ ದಾರಿಯಲ್ಲೇ ಓಡುವ ಹೊಸ ಬಗೆ, ಲೇನ್ ಎಂದರೆ ಆ ದಾರಿಯ ಒಂದು ಓಣಿ. ಸಾಟಾ ಎಸ್‌ಎಸ್‌ಡಿಯ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 550 ಎಂಬಿ. ಪಿಸಿಐಇ 3.0ರ ನಾಲ್ಕು ಲೇನ್ ಬಳಸುವ ಎನ್‌ವಿಎಂಇಯದು ಸುಮಾರು 3500 ಎಂಬಿ. ಕಾಗದದ ಮೇಲೆ ಇದು ಆರು ಪಟ್ಟಿಗೂ ಹೆಚ್ಚು. ಆದರೆ ಆ ಅಂಕಿ ದೊಡ್ಡ ಫೈಲನ್ನು ಒಂದೇ ಓಟದಲ್ಲಿ ನಕಲು ಮಾಡುವಾಗಿನದು. ಯಂತ್ರ ಏಳುವುದು, ಬ್ರೌಸರ್ ತೆರೆಯುವುದು ಇಂಥ ಕೆಲಸದಲ್ಲಿ ಎರಡರ ನಡುವೆ ಸೆಕೆಂಡುಗಳ ಅಂತರವಷ್ಟೇ. ಹಾರ್ಡ್ ಡಿಸ್ಕ್‌ನಿಂದ ಸಾಟಾ ಎಸ್‌ಎಸ್‌ಡಿಗೆ ಹಾರುವುದು ದೊಡ್ಡ ಹೆಜ್ಜೆ, ಅಲ್ಲಿಂದ ಎನ್‌ವಿಎಂಇಗೆ ಚಿಕ್ಕ ಹೆಜ್ಜೆ. ದೊಡ್ಡ ವಿಡಿಯೊ ಫೈಲ್‌ಗಳನ್ನು ದಿನವೂ ಎಳೆದಾಡುವವರಿಗೆ ಮಾತ್ರ ಎನ್‌ವಿಎಂಇ ಬೇಕೇಬೇಕು.

ಹಳೆಯ ಬೋರ್ಡ್‌ನಲ್ಲಿ ಎನ್‌ವಿಎಂಇ ಹಾಕಿದರೆ ತೊಡಕೂ ಇದೆ. (ಬೋರ್ಡ್ ಎಂದರೆ ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡ್, ಬಯಾಸ್ ಎಂದರೆ ಬೋರ್ಡ್‌ನಲ್ಲೇ ಇದ್ದು ವಿಂಡೋಸ್‌ಗೂ ಮೊದಲು ಯಂತ್ರವನ್ನು ಎಬ್ಬಿಸುವ ಸಾಫ್ಟ್‌ವೇರ್.) 2014ರಲ್ಲಿ ಬಂದ ಇಂಟೆಲ್ 9 ಸರಣಿಯ ಚಿಪ್‌ಸೆಟ್‌ಗಿಂತ (ಬೋರ್ಡ್‌ನ ಮುಖ್ಯ ನಿಯಂತ್ರಕ ಚಿಪ್) ಹಿಂದಿನ ಬಹುತೇಕ ಬೋರ್ಡ್‌ಗಳ ಬಯಾಸ್‌ಗೆ ಎನ್‌ವಿಎಂಇಯಿಂದ ವಿಂಡೋಸ್ ಎಬ್ಬಿಸಲು ಬರುವುದಿಲ್ಲ. ಅಡಾಪ್ಟರ್ ಕಾರ್ಡ್ ಹಾಕಿದರೆ ವಿಂಡೋಸ್‌ನ ಒಳಗೆ ಡ್ರೈವ್ ಕಾಣುತ್ತದೆ, ಬೂಟ್ ಪಟ್ಟಿಯಲ್ಲಿ ಕಾಣುವುದಿಲ್ಲ. ಎಸ್‌ಎಸ್‌ಡಿಯನ್ನು ಬೋರ್ಡ್‌ಗೇ ನೇರ ಚುಚ್ಚುವ ಎಂ.2 ಸ್ಲಾಟ್ ಇದ್ದರೂ ನಂಬಿ ಕೊಳ್ಳಬೇಡಿ: ಕೆಲವು ಸ್ಲಾಟ್‌ಗಳು ಸಾಟಾ ಮಾತ್ರ ಒಪ್ಪುತ್ತವೆ, ಕೆಲವು ಎನ್‌ವಿಎಂಇ ಮಾತ್ರ, ಇನ್ನು ಕೆಲವು ಬೋರ್ಡ್‌ಗಳಲ್ಲಿ ಎಂ.2 ತುಂಬಿದೊಡನೆ ಒಂದೆರಡು ಸಾಟಾ ಪೋರ್ಟ್ ಸತ್ತುಹೋಗುತ್ತವೆ. ಇದೆಲ್ಲ ಬೋರ್ಡ್‌ನ ಕೈಪಿಡಿಯಲ್ಲಿ ಬರೆದಿರುತ್ತದೆ. ಮಾದರಿ ಸಂಖ್ಯೆ ಗೊತ್ತಿಲ್ಲದಿದ್ದರೆ ಸಿಪಿಯು-ಝಡ್ ಎಂಬ ಉಚಿತ ಸಾಫ್ಟ್‌ವೇರಿನ ಮೇನ್‌ಬೋರ್ಡ್ ಪುಟದಲ್ಲಿ ಸಿಗುತ್ತದೆ.

ಬೋರ್ಡ್‌ನಲ್ಲಿರುವುದು ಹಳೆಯ ಸಾಟಾ 2 ಎಂದು ಹಿಂಜರಿಯಬೇಡಿ. ಎಚ್61 ಚಿಪ್‌ಸೆಟ್‌ನಲ್ಲಿ ಸಾಟಾ 2 ಮಾತ್ರ ಇದೆ, ಗರಿಷ್ಠ ವೇಗ ಅರ್ಧಕ್ಕೆ, ಸುಮಾರು 280 ಎಂಬಿಗೆ ನಿಲ್ಲುತ್ತದೆ. ಆದರೆ 13 ಮಿಲಿಸೆಕೆಂಡ್ ಕಾಯುವುದು ಅಲ್ಲೂ ತಪ್ಪುತ್ತದೆ, ಕಣ್ಣಿಗೆ ಕಾಣುವ ಲಾಭ ಅದರದ್ದೇ. ಬಿ75ರಂಥ ಬೋರ್ಡ್‌ನಲ್ಲಿ ಸಾಟಾ 3 ಇರುವುದು ಒಂದೇ ಪೋರ್ಟ್‌ಗೆ. ಕೈಪಿಡಿ ನೋಡಿ ಅದನ್ನು ಎಸ್‌ಎಸ್‌ಡಿಗೆ ಕೊಡಿ, ಹಾರ್ಡ್ ಡಿಸ್ಕ್‌ಗೆ ಅಲ್ಲ.

ಗಾತ್ರ 240 ಜಿಬಿಗಿಂತ ಕಡಿಮೆ ಬೇಡ, ಆಗುವುದಾದರೆ 500. ಅಪ್‌ಡೇಟ್‌ಗಳು ಸೇರಿ ವಿಂಡೋಸ್ ಒಂದೇ 120 ಜಿಬಿಯ ದೊಡ್ಡ ಪಾಲನ್ನು ನುಂಗುತ್ತದೆ. ತುಂಬಿದ ಎಸ್‌ಎಸ್‌ಡಿಗೆ ಬರೆಯುವ ವೇಗ ಕುಸಿಯುವುದರಿಂದ 10–15 ಪ್ರತಿಶತ ಖಾಲಿ ಬಿಡಬೇಕು. ಕ್ಯೂಎಲ್‌ಸಿ ಚಿಪ್‌ಗಳ ಅಗ್ಗದ ಡ್ರೈವ್‌ಗಳು ಮೊದಲ ಕೆಲವು ಜಿಬಿ ವೇಗವಾಗಿ ಬರೆದು, ಒಳಗಿನ ವೇಗದ ಭಾಗ ತುಂಬಿದೊಡನೆ ಹಾರ್ಡ್ ಡಿಸ್ಕ್‌ಗಿಂತಲೂ ನಿಧಾನವಾಗಬಲ್ಲವು. ಬ್ರೌಸರ್ ಮತ್ತು ಆಫೀಸ್ ಕೆಲಸಕ್ಕೆ ಅದರಿಂದ ಹಾನಿಯಿಲ್ಲ, ವಿಡಿಯೊ ಕೆಲಸಕ್ಕೆ ಟಿಎಲ್‌ಸಿ ಚಿಪ್‌ನದನ್ನೇ ಕೊಳ್ಳಿ.

ಹಾಕುವ ದಾರಿ ಎರಡು: ಹೊಸದಾಗಿ ವಿಂಡೋಸ್ ಇನ್‌ಸ್ಟಾಲ್ ಮಾಡುವುದು, ಇಲ್ಲವೇ ಇದ್ದದ್ದನ್ನು ಹಾಗೆಯೇ ನಕಲಿಸುವುದು. ಐದಾರು ವರ್ಷದ ಕಸ ತುಂಬಿದ ವಿಂಡೋಸ್ ಆದರೆ ಹೊಸದೇ ಒಳ್ಳೆಯದು. ನಕಲಿಸುವುದಾದರೆ ಹೀಗೆ ಮಾಡಿ. ಮುಖ್ಯ ಫೈಲ್‌ಗಳನ್ನು ಹೊರಗಿನ ಡ್ರೈವ್‌ಗೆ ತೆಗೆದಿಡಿ. ಯಂತ್ರ ಆರಿಸಿ, ಪ್ಲಗ್ ಕಿತ್ತು, ಪವರ್ ಬಟನ್ ಒಂದೆರಡು ಸಲ ಒತ್ತಿ ಉಳಿದ ವಿದ್ಯುತ್ ಬಿಡಿಸಿ, ಕ್ಯಾಬಿನೆಟ್‌ನ ಲೋಹ ಮುಟ್ಟಿ ಮೈಯ ಸ್ಥಿರವಿದ್ಯುತ್ ಕಳೆದುಕೊಳ್ಳಿ. ಎಸ್‌ಎಸ್‌ಡಿಗೆ ಎರಡು ಕೇಬಲ್: ಚಿಕ್ಕದು ಮಾಹಿತಿಗೆ, ಅಗಲದ್ದು ವಿದ್ಯುತ್ತಿಗೆ. ಚಿಕ್ಕದು ಹಲವು ಎಸ್‌ಎಸ್‌ಡಿಗಳ ಪೆಟ್ಟಿಗೆಯಲ್ಲಿ ಬರುವುದಿಲ್ಲ, ಮೊದಲೇ ತಂದಿಟ್ಟುಕೊಳ್ಳಿ. ಡ್ರೈವ್ ತಯಾರಕರು ಕೊಡುವ ಕ್ಲೋನ್ ಸಾಫ್ಟ್‌ವೇರ್ ಬಳಸಿ. ಕ್ಲೋನ್‌ಝಿಲ್ಲಾ ಕೂಡ ಆಗುತ್ತದೆ, ಆದರೆ ಹೊಸ ಡ್ರೈವ್ ಹಳೆಯದಕ್ಕಿಂತ ಚಿಕ್ಕದಾದರೆ ಅದು ಸಾಮಾನ್ಯವಾಗಿ ಒಪ್ಪುವುದಿಲ್ಲ. ನಕಲು ಮುಗಿದ ಮೇಲೆ ಹಳೆಯ ಡಿಸ್ಕ್‌ನ ಕೇಬಲ್ ಕಿತ್ತು, ಎಸ್‌ಎಸ್‌ಡಿಯೊಂದೇ ಇರುವಂತೆ ಮೊದಲ ಸಲ ಎಬ್ಬಿಸಿ. ಎರಡನ್ನೂ ಒಟ್ಟಿಗೆ ಬಿಟ್ಟರೆ ಯಂತ್ರ ಯಾವುದರಿಂದ ಎದ್ದಿತು ಎಂಬುದೇ ಗೊತ್ತಾಗದೆ, ಆಮೇಲೆ ಹಳೆಯದನ್ನು ಫಾರ್ಮ್ಯಾಟ್ ಮಾಡಿದಾಗ ವಿಂಡೋಸ್ ಏಳದೆ ಕೂರುತ್ತದೆ.

ಇಲ್ಲಿ ಹೆಚ್ಚಿನವರು ಎಡವುವುದು ಬಯಾಸ್‌ನ ಒಂದು ಆಯ್ಕೆಯಲ್ಲಿ. ಸಾಟಾ ವಿಧಾನ ಐಡಿಇ ಎಂದಿದ್ದರೆ ಎಸ್‌ಎಸ್‌ಡಿ ಪೂರ್ತಿ ವೇಗ ಕೊಡುವುದಿಲ್ಲ, ಅದು ಎಎಚ್‌ಸಿಐ ಇರಬೇಕು. ಇದ್ದಕ್ಕಿದ್ದಂತೆ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಅದಕ್ಕೆ ಮೊದಲು ಎಂಎಸ್‌ಕಾನ್ಫಿಗ್ ಎಂಬ ವಿಂಡೋಸ್ ಸಾಧನ ತೆರೆದು ಬೂಟ್ ಪುಟದಲ್ಲಿ ಸೇಫ್ ಬೂಟ್ ಗುರುತು ಹಾಕಿ, ರೀಸ್ಟಾರ್ಟ್ ಮಾಡುವಾಗ ಬಯಾಸ್‌ಗೆ ಹೋಗಿ ಎಎಚ್‌ಸಿಐ ಮಾಡಿ, ಸೇಫ್ ಮೋಡ್‌ನಲ್ಲಿ ಒಮ್ಮೆ ಎದ್ದ ಮೇಲೆ ಆ ಗುರುತು ತೆಗೆದು ಮತ್ತೆ ರೀಸ್ಟಾರ್ಟ್ ಮಾಡಿ. ವಿಂಡೋಸ್ 10ರಲ್ಲಿ ಇಷ್ಟರಿಂದ ಬೇಕಾದ ಡ್ರೈವರ್ ತಾನೇ ಬರುತ್ತದೆ.

ರ‍್ಯಾಮ್: ಎಷ್ಟಕ್ಕೆ ಲಾಭ, ಎಲ್ಲಿಗೆ ನಿಲ್ಲಿಸಬೇಕು

4 ಜಿಬಿಯಿಂದ 8ಕ್ಕೆ ಹೋಗುವುದು ಅನಿವಾರ್ಯ. ಈಗಿನ ಬ್ರೌಸರ್ ಮತ್ತು ವಿಂಡೋಸ್ ಎರಡೇ ಸೇರಿ 4 ಜಿಬಿ ತುಂಬಿಸುತ್ತವೆ. 8ರಿಂದ 16ಕ್ಕೆ ಹೋದರೆ, ಹತ್ತಿಪ್ಪತ್ತು ಟ್ಯಾಬ್ ತೆರೆದಿಟ್ಟು ಜೊತೆಗೆ ಬೇರೆ ಕೆಲಸ ಮಾಡುವವರಿಗೆ ನೆಮ್ಮದಿ. 16ರಿಂದ 32 ಎನ್ನುವುದು ವಿಡಿಯೊ ಸಂಕಲನ, ವರ್ಚುವಲ್ ಮಶೀನ್ ನಡೆಸುವವರ ಮಾತು. ಮುಖ್ಯ ಸಂಗತಿ ಏನೆಂದರೆ ಖಾಲಿ ಇರುವ ರ‍್ಯಾಮ್ ವೇಗ ಕೊಡುವುದಿಲ್ಲ. ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿ 60 ಪ್ರತಿಶತ ದಾಟುತ್ತಿಲ್ಲವಾದರೆ ಇನ್ನಷ್ಟು ಸೇರಿಸಿ ಪ್ರಯೋಜನವಿಲ್ಲ.

ಎಸ್‌ಎಸ್‌ಡಿ ಮತ್ತು ರ‍್ಯಾಮ್ ಎರಡರಲ್ಲಿ ಈಗ ಒಂದನ್ನೇ ಕೊಳ್ಳಲು ಸಾಧ್ಯ ಎಂದರೆ? 8 ಜಿಬಿ ಮತ್ತು ಹಾರ್ಡ್ ಡಿಸ್ಕ್ ಇದ್ದರೆ ನಿಸ್ಸಂಶಯವಾಗಿ ಎಸ್‌ಎಸ್‌ಡಿ. 4 ಜಿಬಿ ಮತ್ತು ಹಾರ್ಡ್ ಡಿಸ್ಕ್ ಇದ್ದರೂ ಮೊದಲು ಎಸ್‌ಎಸ್‌ಡಿ: ರ‍್ಯಾಮ್ ತುಂಬಿ ಪೇಜ್ ಫೈಲ್‌ಗೆ ಹೋದರೂ ಅದು ಎಸ್‌ಎಸ್‌ಡಿಯಲ್ಲಿ ಇರುವುದರಿಂದ ಯಂತ್ರ ಹೆಪ್ಪುಗಟ್ಟುವುದಿಲ್ಲ. ಹಾಗೆಂದು 4 ಜಿಬಿಯಲ್ಲೇ ವರ್ಷಗಟ್ಟಲೆ ಎಳೆಯಬೇಡಿ. ದಿನವಿಡೀ ಪೇಜ್ ಫೈಲ್‌ಗೆ ಬರೆಯುತ್ತಿದ್ದರೆ ಎಸ್‌ಎಸ್‌ಡಿಯ ಆಯಸ್ಸು ಸವೆಯುತ್ತದೆ.

ಕೊಳ್ಳುವಾಗ ತಪ್ಪುವುದು ಪೀಳಿಗೆಯಲ್ಲಿ. ಡಿಡಿಆರ್3ಗೆ 240 ಪಿನ್, ಡಿಡಿಆರ್4 ಮತ್ತು ಡಿಡಿಆರ್5 ಎರಡಕ್ಕೂ 288 ಪಿನ್, ಆದರೆ ಮೂರರ ಕಚ್ಚೂ ಬೇರೆಬೇರೆ ಜಾಗದಲ್ಲಿದೆ. ಒಂದು ಇನ್ನೊಂದರಲ್ಲಿ ಕೂರುವುದಿಲ್ಲ, ಒತ್ತಿ ಕೂರಿಸಲು ಹೋದರೆ ಸ್ಲಾಟ್ ಸೀಳುತ್ತದೆ. ಇಂಟೆಲ್‌ನ 2ರಿಂದ 4ನೇ ಪೀಳಿಗೆಯ ಪ್ರೊಸೆಸರ್‌ಗಳಿಗೆ (ಐ7-4790ರಲ್ಲಿ ಮೊದಲ 4 ಎಂಬುದೇ ಪೀಳಿಗೆ) ಡಿಡಿಆರ್3, 6ನೇ ಪೀಳಿಗೆಯಿಂದ ಮುಂದಿನವಕ್ಕೆ ಬಹುತೇಕ ಡಿಡಿಆರ್4. ಅಗ್ಗವಾಗಿ ಸಿಗುವ ಡಿಡಿಆರ್3 ಸ್ಟಿಕ್‌ಗಳಲ್ಲಿ ಎಎಂಡಿಗೆ ಮಾತ್ರ ಎಂದು ಸಣ್ಣಕ್ಷರದಲ್ಲಿ ಬರೆದವು ಇವೆ. ಇಂಟೆಲ್ ಬೋರ್ಡ್‌ಗೆ ಹಾಕಿದರೆ ಯಂತ್ರ ಏಳುವುದೇ ಇಲ್ಲ. ಸರ್ವರ್‌ಗಳಿಂದ ತೆಗೆದ ರಿಜಿಸ್ಟರ್ಡ್ ಇಸಿಸಿ ಸ್ಟಿಕ್‌ಗಳೂ ಮನೆಯ ಬೋರ್ಡ್‌ನಲ್ಲಿ ನಡೆಯುವುದಿಲ್ಲ. ಇನ್ನೊಂದು: ವಿಂಡೋಸ್ 32 ಬಿಟ್‌ನದಾಗಿದ್ದರೆ 4 ಜಿಬಿಗಿಂತ ಹೆಚ್ಚಿನದನ್ನು ಅದು ಬಳಸಲಾರದು. ಮೊದಲು 64 ಬಿಟ್ ಹಾಕಬೇಕು.

ಒಂದು 8 ಜಿಬಿಗಿಂತ ಎರಡು 4 ಜಿಬಿ ಮೇಲು. ಎರಡು ಚಾನೆಲ್‌ಗಳಲ್ಲಿ ಹಂಚಿ ಹಾಕಿದಾಗ ದಾರಿ ಇಬ್ಬಗಲವಾಗುತ್ತದೆ: ಡಿಡಿಆರ್3-1600ಕ್ಕೆ ಒಂದು ಚಾನೆಲ್ ಸೆಕೆಂಡಿಗೆ 12.8 ಜಿಬಿ, ಎರಡಾದರೆ 25.6. ಬರಹದ ಕೆಲಸದಲ್ಲಿ ಇದು ಗೊತ್ತಾಗದು. ಆದರೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಕೂಡ ಇದೇ ರ‍್ಯಾಮನ್ನು ಹಂಚಿಕೊಳ್ಳುವುದರಿಂದ ಆಟಗಳಲ್ಲಿ ಅಂತರ ಎದ್ದು ಕಾಣುತ್ತದೆ. ನಾಲ್ಕು ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಹಾಕಬೇಕು. ಬೇರೆ ಕಂಪನಿಯ ಸ್ಟಿಕ್ ಜೊತೆಗೂಡಿಸಿದರೆ ಹೆಚ್ಚಾಗಿ ನಡೆಯುತ್ತದೆ, ಎರಡೂ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ. ಹಾಕಿದ ಮೇಲೆ ಪರದೆ ಕಪ್ಪಾಗಿ ಬೀಪ್ ಬಂದರೆ ಗಾಬರಿ ಬೇಡ; ಸ್ಟಿಕ್ ಪೂರ್ತಿ ಕೂತಿರುವುದಿಲ್ಲ, ಎರಡೂ ತುದಿಯ ಕ್ಲಿಪ್ ಟಕ್ ಎನ್ನುವ ತನಕ ಒತ್ತಿ. ಯಂತ್ರ ಎದ್ದರೂ ಒಂದು ರಾತ್ರಿ ಮೆಮ್‌ಟೆಸ್ಟ್86+ ಎಂಬ ಉಚಿತ ಪರೀಕ್ಷಾ ಸಾಫ್ಟ್‌ವೇರ್ ಓಡಿಸಿ. ಒಂದೇ ಒಂದು ದೋಷ ತೋರಿಸಿದರೂ ಆ ಸ್ಟಿಕ್ ಹಿಂದಿರುಗಿಸಿ, ಇಲ್ಲವಾದರೆ ಫೈಲ್‌ಗಳು ಸದ್ದಿಲ್ಲದೆ ಕೆಡುತ್ತವೆ.

ಪ್ರೊಸೆಸರ್: ಸಾಕೆಟ್ ಹೇಳಿದಂತೆ ಕೇಳಬೇಕು

ಪ್ರೊಸೆಸರ್ ಬದಲಿಸುವುದು ಎಲ್ಲಕ್ಕಿಂತ ಸಂಕೀರ್ಣ, ಮತ್ತು ಲಾಭ ನಿಮ್ಮ ಬೋರ್ಡ್‌ನ ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಮೇಲೆ ನಿಂತಿದೆ.

ಇಂಟೆಲ್‌ನಲ್ಲಿ ಎಲ್‌ಜಿಎ 1155 ಸಾಕೆಟ್ 2 ಮತ್ತು 3ನೇ ಪೀಳಿಗೆಗೆ, 1150 ಮುಖ್ಯವಾಗಿ 4ನೇ ಪೀಳಿಗೆಗೆ. 1151 ಎಂಬ ಹೆಸರಿನಲ್ಲಿ ಮಾತ್ರ ಬಲೆಯಿದೆ: 6 ಮತ್ತು 7ನೇ ಪೀಳಿಗೆ 100 ಮತ್ತು 200 ಸರಣಿಯ ಬೋರ್ಡ್‌ಗಳಿಗೆ, 8 ಮತ್ತು 9ನೇ ಪೀಳಿಗೆ 300 ಸರಣಿಯ ಬೋರ್ಡ್‌ಗಳಿಗೆ. ಸಾಕೆಟ್ ಹೆಸರು ಒಂದೇ, ಅದಲುಬದಲು ಮಾಡಿದರೆ ಪ್ರೊಸೆಸರ್ ಕೂರುತ್ತದೆ ಕೂಡ, ಆದರೆ ಯಂತ್ರ ಏಳುವುದಿಲ್ಲ.

ಎರಡು ಕೋರ್‌ಗಳ ಪೆಂಟಿಯಂ ಅಥವಾ ಐ3 ಇರುವ ಬೋರ್ಡ್‌ಗೆ ಅದೇ ಸಾಕೆಟ್‌ನ ಐ7 ಹಾಕುವುದು ನಿಜವಾದ ಏರಿಕೆ. ಐ3-4130ರಲ್ಲಿ 2 ಕೋರ್, 4 ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಎಳೆ). ಐ7-4790ರಲ್ಲಿ 4 ಕೋರ್, 8 ಥ್ರೆಡ್. ಇವು ಈಗ ಬಳಸಿದ ಸರಕಾಗಿಯೇ ಸಿಗುತ್ತವೆ, ಅದರಿಂದ ಹಾನಿಯಿಲ್ಲ. ಅತಿಯಾಗಿ ಓವರ್‌ಕ್ಲಾಕ್ ಮಾಡದಿದ್ದರೆ ಪ್ರೊಸೆಸರ್ ಸುಲಭಕ್ಕೆ ಕೆಡುವ ವಸ್ತುವಲ್ಲ. ಆದರೆ ಐ5ನಿಂದ ಅದೇ ಪೀಳಿಗೆಯ ಐ7ಗೆ ಹೋಗುವುದು ಬ್ರೌಸರ್ ಬಳಸುವವರಿಗೆ ವ್ಯರ್ಥ. ಒಂದೊಂದು ಕೋರ್‌ನ ವೇಗ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಎಲ್ಲ ಥ್ರೆಡ್‌ಗಳನ್ನೂ ದುಡಿಸುವ ವಿಡಿಯೊ ರೆಂಡರಿಂಗ್, ಕೋಡ್ ಕಂಪೈಲ್‌ನಂಥ ಕೆಲಸವಿದ್ದರೆ ಮಾತ್ರ ಹಾಕಿ.

ಎಎಂಡಿಯ ಎಎಂ4 ಸಾಕೆಟ್ ಇರುವ ಬೋರ್ಡ್ ಇದ್ದವರ ಸ್ಥಿತಿ ಬೇರೆಯೇ, ಈ ಹೋಲಿಕೆಯಲ್ಲಿ ಅತಿ ಹೆಚ್ಚು ಲಾಭ ಪಡೆಯುವವರು ಅವರು. 2017ರಲ್ಲಿ ಎಎಂಡಿಯ ಮೊದಲ ರೈಜೆನ್ ಪ್ರೊಸೆಸರ್‌ಗಳಿಗಾಗಿ ಬಂದ ಎ320, ಬಿ350 ಬೋರ್ಡ್‌ಗಳಲ್ಲಿ ಹಲವಕ್ಕೆ ಬಯಾಸ್ ಅಪ್‌ಡೇಟ್ ಮಾಡಿ ರೈಜೆನ್ 5000 ಸರಣಿ ಹಾಕಬಹುದು. ರೈಜೆನ್ 3 1200ರಲ್ಲಿ 4 ಕೋರ್, 4 ಥ್ರೆಡ್. ರೈಜೆನ್ 5 5600ರಲ್ಲಿ 6 ಕೋರ್, 12 ಥ್ರೆಡ್, ಪ್ರತಿ ಕೋರ್ ಕೂಡ ಬಹಳ ವೇಗ, ವಿದ್ಯುತ್ ಲೆಕ್ಕ ಮಾತ್ರ ಎರಡಕ್ಕೂ 65 ವ್ಯಾಟ್. ಬೋರ್ಡ್, ರ‍್ಯಾಮ್ ಹಾಗೆಯೇ ಉಳಿಯುತ್ತವೆ. 5600ರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ ಎಂಬುದು ನೆನಪಿರಲಿ. ಪ್ರತ್ಯೇಕ ಕಾರ್ಡ್ ಇಲ್ಲದವರು 5600ಜಿ ತೆಗೆದುಕೊಳ್ಳಬೇಕು.

ಕ್ರಮ ತಪ್ಪಬಾರದ ಕೆಲಸವಿದು. ತಯಾರಕರ ತಾಣದಲ್ಲಿ ನಿಮ್ಮ ಬೋರ್ಡ್‌ನ ಪ್ರೊಸೆಸರ್ ಪಟ್ಟಿ ತೆರೆದು, ಬೇಕಾದ ಪ್ರೊಸೆಸರಿನ ಎದುರು ಬರೆದ ಬಯಾಸ್ ಆವೃತ್ತಿ ಗುರುತಿಸಿಕೊಳ್ಳಿ. ಹಳೆಯ ಪ್ರೊಸೆಸರ್ ಇರುವಾಗಲೇ ಅಪ್‌ಡೇಟ್ ಮಾಡಿ: ಎಫ್‌ಎಟಿ32 ಫಾರ್ಮ್ಯಾಟ್‌ನ ಪೆನ್ ಡ್ರೈವ್‌ಗೆ ಫೈಲ್ ಹಾಕಿ, ಬಯಾಸ್‌ನ ಒಳಗಿನಿಂದಲೇ ಓಡಿಸಿ. ಕೆಲವು ಬೋರ್ಡ್‌ಗಳಿಗೆ ನಡುವಿನ ಒಂದು ಆವೃತ್ತಿಯನ್ನು ದಾಟಿಯೇ ಮುಂದೆ ಹೋಗಬೇಕು, ಅದು ಟಿಪ್ಪಣಿಯಲ್ಲಿ ಇರುತ್ತದೆ. ನಡುವೆ ಕರೆಂಟ್ ಹೋದರೆ ಬೋರ್ಡ್ ಸತ್ತಂತೆ, ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ಪಟ್ಟಿಯಲ್ಲಿ ಆ ಪ್ರೊಸೆಸರ್ ಇಲ್ಲದಿದ್ದರೆ ಆಸೆ ಬಿಡಿ. ದೊಡ್ಡ ಬ್ರಾಂಡ್‌ಗಳ ಸಿದ್ಧ ಡೆಸ್ಕ್‌ಟಾಪ್‌ಗಳಲ್ಲಿ ಇದು ಸಾಮಾನ್ಯ.

ಕೂಲರ್ ಕೀಳುವಾಗಲೂ ಜಾಗ್ರತೆ. ಎಎಂ4ರಲ್ಲಿ ಪಿನ್‌ಗಳಿರುವುದು ಪ್ರೊಸೆಸರಿನ ತಳದಲ್ಲಿ. ಒಣಗಿದ ಪೇಸ್ಟ್ ಅಂಟಿಕೊಂಡು ಕೂಲರ್ ಜೊತೆ ಪ್ರೊಸೆಸರೇ ಸಾಕೆಟ್‌ನಿಂದ ಕಿತ್ತು ಬಂದು ಪಿನ್ ಬಾಗುತ್ತದೆ. ಯಂತ್ರವನ್ನು ಹತ್ತು ನಿಮಿಷ ಓಡಿಸಿ ಬಿಸಿಮಾಡಿ, ಆರಿಸಿ, ಪ್ಲಗ್ ಕಿತ್ತ ಮೇಲೆ ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿ ಬಿಡಿಸಿ. ಇಂಟೆಲ್‌ನ ಎಲ್‌ಜಿಎ ಸಾಕೆಟ್‌ಗಳಲ್ಲಿ ಪಿನ್‌ಗಳು ಬೋರ್ಡ್‌ನಲ್ಲಿವೆ, ಕೂದಲಿನಷ್ಟು ತೆಳು. ಪ್ರೊಸೆಸರನ್ನು ಅಂಚು ಹಿಡಿದು ನೇರವಾಗಿ ಇಳಿಸಿ, ಜಾರಿಸಬೇಡಿ. ಐಸೊಪ್ರೊಪಿಲ್ ಆಲ್ಕೊಹಾಲ್‌ನಿಂದ ಹಳೆಯ ಪೇಸ್ಟ್ ಒರೆಸಿ, ಬಟಾಣಿ ಕಾಳಿನಷ್ಟು ಹೊಸದನ್ನು ನಡುವಿಗೆ ಹಾಕಿದರೆ ಸಾಕು.

ಗ್ರಾಫಿಕ್ಸ್ ಕಾರ್ಡ್, ಮತ್ತು ಯಾರೂ ಲೆಕ್ಕಕ್ಕೆ ಹಿಡಿಯದ ಎಸ್‌ಎಂಪಿಎಸ್

ಆಟ, ತ್ರೀಡಿ, ವಿಡಿಯೊ ಸಂಕಲನ ಇಲ್ಲದವರಿಗೆ ಗ್ರಾಫಿಕ್ಸ್ ಕಾರ್ಡ್‌ನಿಂದ ಯಂತ್ರ ವೇಗವಾಗುವುದಿಲ್ಲ. ಅದಕ್ಕೊಂದು ಅಪವಾದವಿದೆ. ಯೂಟ್ಯೂಬ್ ಹೆಚ್ಚಾಗಿ ಬಳಸುವ ವಿಪಿ9 ಎಂಬ ಸಂಕುಚಿತ ರೂಪದ ವಿಡಿಯೊವನ್ನು ಪೂರ್ತಿಯಾಗಿ ಬಿಡಿಸುವ ಯಂತ್ರಾಂಶ ಇಂಟೆಲ್‌ನ ಒಳಗಿನ ಗ್ರಾಫಿಕ್ಸ್‌ಗೆ ಬಂದದ್ದು 7ನೇ ಪೀಳಿಗೆಯಲ್ಲಿ. ಅದಕ್ಕಿಂತ ಹಳೆಯದರಲ್ಲಿ ಆ ಹೊರೆ ಪ್ರೊಸೆಸರಿನ ಮೇಲೆ ಬಿದ್ದು ವಿಡಿಯೊ ತಡೆತಡೆದು ಓಡುತ್ತದೆ. 30 ವ್ಯಾಟ್‌ನ ಜಿಟಿ 1030ರಂಥ ಚಿಕ್ಕ ಕಾರ್ಡ್ ಇದನ್ನು ಬಗೆಹರಿಸುತ್ತದೆ. 1080ಪಿ ಸಾಕು ಎನ್ನುವವರಿಗೆ ಕಾರ್ಡೂ ಬೇಡ, ಬ್ರೌಸರಿಗೆ ಅದರ ಬದಲು ಹಳೆಯ ಎಚ್.264 ರೂಪದ ವಿಡಿಯೊವನ್ನೇ ಕೇಳುವ ಉಚಿತ ಎಕ್ಸ್‌ಟೆನ್ಷನ್ ಹಾಕಿ ನೋಡಿ.

ಆಟದವರು ಮೊದಲು ಅಳತೆ ನೋಡಿಕೊಳ್ಳಲಿ. ಆಟ ನಡೆಯುವಾಗ ಕಾರ್ಡ್ 95 ಪ್ರತಿಶತ ದಾಟಿ ದುಡಿಯುತ್ತಿದ್ದು ಪ್ರೊಸೆಸರಿನ ಎಲ್ಲ ಕೋರ್‌ಗಳಿಗೂ ಬಿಡುವಿದ್ದರೆ ಹೊಸ ಕಾರ್ಡ್‌ನಿಂದ ಲಾಭ. ತಿರುಗುಮುರುಗಾಗಿದ್ದರೆ ಪ್ರೊಸೆಸರೇ ಅಡ್ಡಗಾಲು. ಹಳೆಯ ನಾಲ್ಕು ಕೋರ್ ಯಂತ್ರಕ್ಕೆ ಇತ್ತೀಚಿನ ದೊಡ್ಡ ಕಾರ್ಡ್ ಹಾಕಿದರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ಕಾರ್ಡ್ ಪಿಸಿಐಇಯ ಎಷ್ಟು ಲೇನ್ ಬಳಸುತ್ತದೆ ಎಂಬುದನ್ನೂ ನೋಡಿ. ಆರ್‌ಎಕ್ಸ್ 6500 ಎಕ್ಸ್‌ಟಿ ಬಳಸುವುದು ನಾಲ್ಕೇ ಲೇನ್, ಅದೂ 4.0ರ ಲೆಕ್ಕದಲ್ಲಿ, 3.0 ಬೋರ್ಡ್‌ನಲ್ಲಿ ಅದರ ವೇಗ ಕುಂದುತ್ತದೆ. ಇಂಟೆಲ್ ಆರ್ಕ್ ಕಾರ್ಡ್‌ಗಳಿಗೆ ರಿಸೈಜಬಲ್ ಬಾರ್ ಎಂಬ ಬಯಾಸ್ ಸೌಲಭ್ಯ ಬೇಕು, ಹಳೆಯ ಬೋರ್ಡ್‌ಗಳಲ್ಲಿ ಅದಿರುವುದಿಲ್ಲ, ಆದ್ದರಿಂದ ಹಳೆಯ ಯಂತ್ರಕ್ಕೆ ಅವು ತಕ್ಕವಲ್ಲ.

ಇಡೀ ಯಂತ್ರಕ್ಕೆ ವಿದ್ಯುತ್ ಹಂಚುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಮೇಲೆ ಬರೆದ ದೊಡ್ಡ ಅಂಕಿ ನಂಬಬೇಡಿ. ಪ್ರೊಸೆಸರ್, ಕಾರ್ಡ್ ಎರಡೂ ತಿನ್ನುವುದು 12 ವೋಲ್ಟ್ ಸಾಲಿನಿಂದ. ಪಕ್ಕದ ಚೀಟಿಯಲ್ಲಿ 12 ವೋಲ್ಟ್ ಎದುರು 18 ಆಂಪ್ಸ್ ಎಂದಿದ್ದರೆ ಸಿಗುವುದು 12×18, ಅಂದರೆ 216 ವ್ಯಾಟ್, ಹೊರಗೆ 450 ಎಂದು ಬರೆದಿದ್ದರೂ ಅಷ್ಟೇ. ಐ7-4790ಕ್ಕೆ 84, ಪವರ್ ಕೇಬಲ್ ಬೇಡದ ಜಿಟಿಎಕ್ಸ್ 1650ಕ್ಕೆ 75, ಉಳಿದದ್ದಕ್ಕೆ 50 ಸೇರಿಸಿದರೆ 209. ಅಂಚಿಗೇ ಬಂದು ನಿಂತಿತು. ಹತ್ತು ವರ್ಷ ದುಡಿದ ಕೆಪಾಸಿಟರ್‌ಗಳಿಗೆ ಇದು ತಡೆಯದು, ಆಟದ ನಡುವೆ ಯಂತ್ರ ತಟ್ಟನೆ ಆರುವುದು ಇದರಿಂದಲೇ. ಸ್ಲಾಟ್ ಕೊಡುವುದು 75 ವ್ಯಾಟ್, 6 ಪಿನ್ ಕೇಬಲ್ ಇನ್ನೊಂದು 75, 8 ಪಿನ್ 150. ಕೇಬಲ್ ಬೇಡುವ ಕಾರ್ಡ್ ಹಾಕುವುದಾದರೆ ಎಸ್‌ಎಂಪಿಎಸ್ ಬದಲಿಸುವ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಿ. ಬದಲಿಸುವಾಗ ಹಳೆಯ ಎಸ್‌ಎಂಪಿಎಸ್‌ನ ಬಿಚ್ಚುವ ಕೇಬಲ್‌ಗಳನ್ನು ಹೊಸದಕ್ಕೆ ಚುಚ್ಚಬೇಡಿ. ತುದಿ ಒಂದೇ ತರಹ ಕಂಡರೂ ತಂತಿಗಳ ಕ್ರಮ ಬೇರೆ ಇರಬಹುದು, ಎಸ್‌ಎಸ್‌ಡಿ ಮತ್ತು ಹಾರ್ಡ್ ಡಿಸ್ಕ್ ಒಂದೇ ಕ್ಷಣದಲ್ಲಿ ಸುಡುತ್ತವೆ. ಕೆಲವು ಸಿದ್ಧ ಡೆಸ್ಕ್‌ಟಾಪ್‌ಗಳ ಬೋರ್ಡ್‌ಗೆ 24 ಪಿನ್ ಬದಲು ಅವರದೇ ಆಕಾರದ ಕನೆಕ್ಟರ್ ಇರುತ್ತದೆ, ಅಂಥವಕ್ಕೆ ಸಾಮಾನ್ಯ ಎಸ್‌ಎಂಪಿಎಸ್ ಕೂರದು. ಕಾರ್ಡ್ ಹಾಕಿದ ಮೇಲೆ ಮಾನಿಟರಿನ ಕೇಬಲನ್ನು ಬೋರ್ಡ್‌ನಿಂದ ಕಿತ್ತು ಕಾರ್ಡ್‌ಗೇ ಜೋಡಿಸಿ. ಪರದೆ ಕಪ್ಪಗಿದೆ ಎಂಬ ದೂರುಗಳಲ್ಲಿ ಎಷ್ಟೋ ಇಲ್ಲಿಗೇ ಮುಗಿಯುತ್ತವೆ.

ಯಾವಾಗ ಕೈಬಿಡಬೇಕು

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ, ಸೆಕ್ಯೂರ್ ಬೂಟ್, ಮತ್ತು ಬಹುಮಟ್ಟಿಗೆ ಇಂಟೆಲ್ 8ನೇ ಪೀಳಿಗೆ ಅಥವಾ ರೈಜೆನ್ 2000 ಸರಣಿಯಿಂದ ಮುಂದಿನ ಪ್ರೊಸೆಸರ್ ಬೇಕು. ಹಾಗಾಗಿ 4ನೇ ಪೀಳಿಗೆಯ ಯಂತ್ರಕ್ಕೆ ಈಗ ಐ7, ಗ್ರಾಫಿಕ್ಸ್ ಕಾರ್ಡ್, ಎಸ್‌ಎಂಪಿಎಸ್ ಮೂರನ್ನೂ ಹಾಕುವುದು ತಪ್ಪು ಲೆಕ್ಕ. ಅಲ್ಲಿ ಎಸ್‌ಎಸ್‌ಡಿಗೆ ಹಾಕಿದ ದುಡ್ಡು ಮಾತ್ರ ನಷ್ಟವಾಗುವುದಿಲ್ಲ, ನಾಳೆ ಹೊಸ ಯಂತ್ರಕ್ಕೆ ಕಿತ್ತುಕೊಂಡು ಹೋಗಬಹುದು. ಡಿಡಿಆರ್3 ರ‍್ಯಾಮ್ ಮತ್ತು ಹಳೆಯ ಸಾಕೆಟ್‌ನ ಪ್ರೊಸೆಸರ್ ಮುಂದೆ ಎಲ್ಲಿಗೂ ಬರುವುದಿಲ್ಲ. ಪ್ರೊಸೆಸರ್ ಮತ್ತು ರ‍್ಯಾಮ್ ಎರಡೂ ಸಾಲುತ್ತಿಲ್ಲ ಎಂದು ಅಳತೆ ಹೇಳಿದರೆ ಬೋರ್ಡ್ ಸಮೇತ ಮೂರನ್ನೂ ಒಟ್ಟಿಗೆ ಬದಲಿಸಿ, ಕ್ಯಾಬಿನೆಟ್, ಎಸ್‌ಎಸ್‌ಡಿ, ಒಳ್ಳೆಯ ಎಸ್‌ಎಂಪಿಎಸ್ ಉಳಿಸಿಕೊಳ್ಳಿ. ರೈಜೆನ್ 1000ದ ಎಎಂ4 ಯಂತ್ರವಾದರೆ ಬೋರ್ಡ್ ಉಳಿಸಿಕೊಂಡೇ ವಿಂಡೋಸ್ 11ಕ್ಕೆ ತಕ್ಕ ಪ್ರೊಸೆಸರ್ ಹಾಕಬಹುದು. ಟಿಪಿಎಂ ಆಯ್ಕೆ ಬಯಾಸ್‌ನಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿರುತ್ತದೆ.

ಹೊಸದು ಕೊಳ್ಳುವುದೂ ಬೇಡ, ಅಪ್‌ಡೇಟ್ ಇಲ್ಲದ ವಿಂಡೋಸ್‌ನಲ್ಲಿ ಕೂರುವುದೂ ಬೇಡ ಎನ್ನುವವರಿಗೆ ವಿಂಡೋಸ್ ಬದಲು ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಮಿಂಟ್ ಗಂಭೀರವಾದ ಆಯ್ಕೆ. 8 ಜಿಬಿ ರ‍್ಯಾಮ್, ಸಾಟಾ ಎಸ್‌ಎಸ್‌ಡಿ ಇರುವ 3ನೇ ಪೀಳಿಗೆಯ ಐ5 ಅದರಲ್ಲಿ ಹಗುರವಾಗಿ ಓಡುತ್ತದೆ. ಪೆನ್ ಡ್ರೈವ್‌ನಿಂದಲೇ ಎಬ್ಬಿಸಿ, ಡಿಸ್ಕ್ ಮುಟ್ಟದೆ, ನಿಮ್ಮ ಪ್ರಿಂಟರ್, ವೈ-ಫೈ, ಧ್ವನಿ ಎಲ್ಲ ಕೆಲಸ ಮಾಡುತ್ತವೆಯೇ ನೋಡಿಕೊಳ್ಳಿ. ವಿಂಡೋಸ್‌ಗೆಂದೇ ಬರೆದ ಲೆಕ್ಕಪತ್ರದ ಸಾಫ್ಟ್‌ವೇರ್ ಅಥವಾ ಡಿಜಿಟಲ್ ಸಹಿಯ ಟೋಕನ್ ಬಳಸುವವರು ಅದನ್ನು ಮೊದಲು ಪರೀಕ್ಷಿಸಬೇಕು, ಸಾಮಾನ್ಯವಾಗಿ ತೊಡಕು ಬರುವುದು ಅಲ್ಲೇ.

ಯಾವ ದಾರಿ ಹಿಡಿದರೂ ಹಳೆಯ ಹಾರ್ಡ್ ಡಿಸ್ಕನ್ನು ಒಂದು ತಿಂಗಳಾದರೂ ಫಾರ್ಮ್ಯಾಟ್ ಮಾಡದೆ ಎತ್ತಿಡಿ. ಮರೆತುಹೋದ ಬ್ರೌಸರ್ ಬುಕ್‌ಮಾರ್ಕ್, ಹಳೆಯ ಮೇಲ್ ಫೈಲ್, ಡೆಸ್ಕ್‌ಟಾಪ್ ಮೇಲೆ ಉಳಿದ ಒಂದು ಫೋಲ್ಡರ್ ಮೂರನೆಯ ವಾರದಲ್ಲಿ ನೆನಪಾಗುತ್ತವೆ.